ಬಿಬಿಸಿ ಮೈಕ್ರೊ ಮಾದರಿ ಬಿ: ಪರದೆಯ ಮೆಮೊರಿಗೆ ನೇರವಾಗಿ ಬರೆಯುವವರಿಗೊಂದು ವಿಮರ್ಶೆ

ಹಳೆಯ ಗೃಹ ಕಂಪ್ಯೂಟರುಗಳಲ್ಲಿ ಪರದೆಯ ಮೆಮೊರಿಗೆ ನೇರವಾಗಿ ಬರೆಯುವುದನ್ನು ಕಲಿಯಬಯಸುವವರಿಗೆ ನಾನು ಮೊದಲು ಸೂಚಿಸುವ ಯಂತ್ರ, ಕೇಂಬ್ರಿಜ್‌ನ ಆಕಾರ್ನ್ ಸಂಸ್ಥೆ 1981ರ ಕೊನೆಯಲ್ಲಿ ಹೊರತಂದ ಬಿಬಿಸಿ ಮೈಕ್ರೊ. 1984ರಲ್ಲಿ ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸುವ ‘ಕ್ಲಾಸ್’ ಯೋಜನೆಯ ಮೂಲಕ ನಮ್ಮ ದೇಶದ ಶಾಲೆಗಳಿಗೆ ಬಂದದ್ದೂ ಇದೇ ಆದ್ದರಿಂದ, ಆಗ ಓದುತ್ತಿದ್ದ ಕೆಲವರಿಗೆ ಇದರ ಕೆಂಪು ಫಂಕ್ಷನ್ ಕೀಲಿಗಳು ನೆನಪಿರಬಹುದು.

ಮೆಮೊರಿಯ ಒಂದು ವಿಳಾಸಕ್ಕೆ ಸಂಖ್ಯೆಯೊಂದನ್ನು ನೇರವಾಗಿ ಹಾಕಲು ಇತರ ಯಂತ್ರಗಳ ಬೇಸಿಕ್ ಭಾಷೆಯಲ್ಲಿ ‘ಪೋಕ್’ ಎಂದು ಬರೆಯಬೇಕಾದಲ್ಲಿ ಇಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದೇ ಸಾಕು. ಅಕ್ಷರಗಳಿಗೆಂದೇ ಇರುವ ಪರದೆಯ ವಿಧಾನವಾದ ಮೋಡ್ 7ರಲ್ಲಿ ?31744=65 (ಪರದೆಯ ಮೊದಲ ವಿಳಾಸ, ಅಕ್ಷರದ ಸಂಕೇತ) ಎಂದು ಕೊಟ್ಟೊಡನೆ ಪರದೆಯ ಎಡ ಮೇಲ್ತುದಿಯಲ್ಲಿ ಇಂಗ್ಲಿಷಿನ ‘ಎ’ ಮೂಡುತ್ತದೆ. 40 ಅಂಕಣ, 25 ಸಾಲು, ಒಟ್ಟು 1000 ಬೈಟು. ಕೆಳಗಿನ ಸಾಲು ಬೇಕಿದ್ದರೆ 40 ಕೂಡಿಸಿದರಾಯಿತು. ಬಣ್ಣಕ್ಕೆ ಬೇರೆ ಕೋಷ್ಟಕವಿಲ್ಲ. 129 ಎಂಬ ಸಂಖ್ಯೆಯನ್ನು ಒಂದು ಮನೆಯಲ್ಲಿಟ್ಟರೆ ಅದರ ಬಲಕ್ಕಿರುವ ಅಕ್ಷರಗಳು ಕೆಂಪಾಗುತ್ತವೆ, ಆದರೆ ಆ ಮನೆ ಖಾಲಿಯಾಗಿಯೇ ಕಾಣುತ್ತದೆ. ಹ್ಯಾಶ್ (#) ಚಿಹ್ನೆಯ ಸಂಕೇತವೆಂದು 35ನ್ನು ಬರೆದವರಿಗೆ ಅದರ ಬದಲು ಪೌಂಡ್ ಚಿಹ್ನೆ ಕಂಡು ಗಲಿಬಿಲಿಯಾದೀತು. ‘ಪ್ರಿಂಟ್’ ಆಜ್ಞೆಯಾದರೆ ನಡುವೆ ಸದ್ದಿಲ್ಲದೆ ಸಂಕೇತವನ್ನು ಬದಲಿಸಿ ಕೊಡುತ್ತದೆ, ನೇರ ಬರವಣಿಗೆಗೆ ಆ ನೆರವಿಲ್ಲ.

ನಿಜವಾದ ತೊಡಕಿರುವುದು ಪರದೆ ಮೇಲಕ್ಕೆ ಸರಿಯುವಲ್ಲಿ. ಈ ಯಂತ್ರ ಸಾವಿರ ಬೈಟುಗಳನ್ನು ಎತ್ತಿ ಮೇಲಿಡುವುದಿಲ್ಲ. ಪರದೆ ಎಲ್ಲಿಂದ ಆರಂಭವಾಗಬೇಕೆಂಬ ವಿಳಾಸವನ್ನಷ್ಟೇ ಪರದೆಯನ್ನು ನಿಯಂತ್ರಿಸುವ 6845 ಚಿಪ್‌ನಲ್ಲಿ ಮುಂದೂಡುತ್ತದೆ. ಒಂದು ಸಾಲು ಸರಿದ ಮೇಲೆ ಎಡ ಮೇಲ್ತುದಿ 31784 ಆಗಿರುತ್ತದೆ, ನಾವು ಮಾತ್ರ 31744ಕ್ಕೇ ಬರೆಯುತ್ತಿರುತ್ತೇವೆ. ಮತ್ತೆ ಮೋಡ್ 7 ಎಂದು ಆಜ್ಞೆ ಕೊಟ್ಟು ಆರಂಭಿಸುವುದೇ ಸುಲಭದ ದಾರಿ. ಎರಡನೆಯ ಪ್ರೊಸೆಸರ್ ಜೋಡಿಸಿದ ಯಂತ್ರದಲ್ಲಂತೂ ಬರೆದದ್ದು ಆ ಪ್ರೊಸೆಸರಿನ ಮೆಮೊರಿಗೆ ಹೋಗುವುದರಿಂದ ಪರದೆಯಲ್ಲಿ ಏನೂ ಕಾಣದು.

ಚಿತ್ರದ ಮೋಡ್‌ಗಳು ಹೊಸಬರಿಗಲ್ಲ. ಮೋಡ್ 2 ಯಂತ್ರದ 32 ಕಿಲೋಬೈಟಿನಲ್ಲಿ 20ನ್ನು ನುಂಗುತ್ತದೆ. ಅಲ್ಲಿ ಮುಂದಿನ ಬೈಟು ಬಲಕ್ಕಲ್ಲ, ಎಂಟು ಗೆರೆಗಳವರೆಗೆ ಕೆಳಕ್ಕೆ ಇಳಿಯುತ್ತದೆ, ಒಂದೇ ಬೈಟಿನಲ್ಲಿ ಎರಡು ಚುಕ್ಕಿಗಳ ಬಿಟ್‌ಗಳು ಹೆಣೆದುಕೊಂಡಿರುತ್ತವೆ. ಆದರೂ ಪ್ರೊಸೆಸರ್ ಮತ್ತು ವಿಡಿಯೊ ಸರದಿಯಲ್ಲಿ ಮೆಮೊರಿಯನ್ನು ಬಳಸುವುದರಿಂದ, ಅದೇ ಕಾಲದ ಇನ್ನೊಂದು ಗೃಹ ಕಂಪ್ಯೂಟರಾದ ಸ್ಪೆಕ್ಟ್ರಮ್‌ನಲ್ಲಿ ಆಗುವಂತೆ ಪರದೆಯ ಮೆಮೊರಿಯನ್ನು ಮುಟ್ಟಿದಾಗ ವೇಗ ಕುಂದುವುದಿಲ್ಲ. ಬೇಸಿಕ್‌ನೊಳಗೇ ಅಸೆಂಬ್ಲರ್ (ಪ್ರೊಸೆಸರಿನ ಯಂತ್ರಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಸಾಧನ) ಇರುವುದರಿಂದ ಆ ವೇಗವನ್ನು ಬಳಸಿಕೊಳ್ಳಲು ಬೇರೇನನ್ನೂ ಕೊಳ್ಳಬೇಕಿಲ್ಲ.