ಥಾನಿ: ಒಂದೇ ಫೈಲು, ತಲೆನೋವು ಕಮ್ಮಿ

ಶಿರಸಿಯಲ್ಲಿ ಬಿಸಿಎ ಓದುವ ತಂಗಿ ಮಗಳಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಕಿಕೊಡಬೇಕಿತ್ತು. ನಮ್ಮ ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಮೊಬೈಲ್ ಹಾಟ್‌ಸ್ಪಾಟೇ ಗತಿ.

ಮೊದಲು ಬೇರೊಂದು ತಂತ್ರಾಂಶ ನೋಡಿದೆವು. 32 ಬಿಟ್ಟೋ, 64 ಬಿಟ್ಟೋ, ಜಿಪ್ಪೋ, ಇನ್‌ಸ್ಟಾಲರೋ? ಒಂದು ಡಜನ್ ಕೊಂಡಿಗಳು. ಅವಳು ತಂತ್ರಾಂಶದ ಬದಲು ಅದರ ಸೋರ್ಸ್ ಕೋಡ್ (ಮೂಲ ಬರಹ) ಇಳಿಸಿಕೊಂಡು, "ಮಾವ, ಇದು ಓಪನ್ನೇ ಆಗ್ತಿಲ್ಲ" ಅಂದಳು. ಅರ್ಧ ದಿನದ ಡೇಟಾ ಸುಮ್ನೆ ಹೋಯಿತು.

ಆಮೇಲೆ ಥಾನಿ, ಪೈಥಾನ್ ಕೋಡ್ ಬರೆದು ಓಡಿಸುವ ತಂತ್ರಾಂಶ. ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಉಚಿತ, ಮುಕ್ತ ತಂತ್ರಾಂಶ. ಇನ್‌ಸ್ಟಾಲರ್ ಒಳಗೇ ಪೈಥಾನ್ ಇದೆ. ಬೇರೆ ಇಳಿಸುವುದು ಬೇಡ, ಪೈಥಾನ್ ಎಲ್ಲಿದೆ ಎಂದು ಕಂಪ್ಯೂಟರಿಗೆ ತೋರಿಸುವ 'ಪಾತ್' ಸರಿಮಾಡುವ ರಗಳೆಯೂ ಇಲ್ಲ. ಇಲ್ಲೂ ಎರಡು ಮೂರು ಆಯ್ಕೆ ಇವೆ, ಆದರೆ ಯಾವ ವಿಂಡೋಸ್‌ಗೆ ಯಾವುದು ಎಂದು ಪಕ್ಕದಲ್ಲೇ ಬರೆದಿದ್ದಾರೆ. ಅಷ್ಟು ಸಾಕಲ್ವಾ? ನನ್ನ ಹಳೆಯ ಉಬುಂಟು (ಲಿನಕ್ಸ್) ಲ್ಯಾಪ್‌ಟಾಪಿಗಂತೂ 'ಆಪ್ಟ್ ಇನ್‌ಸ್ಟಾಲ್' ಎಂಬ ಒಂದೇ ಸಾಲು.

ಕೋಡನ್ನು ಹೆಜ್ಜೆ ಹೆಜ್ಜೆಯಾಗಿ ಓಡಿಸಿ, ವೇರಿಯಬಲ್‌ನಲ್ಲಿ ಇಟ್ಟ ಮೌಲ್ಯ ಬದಲಾಗುವುದನ್ನು ನೋಡಬಹುದು. ಅವಳಿಗೆ ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕೋಡ್) ಅರ್ಥವಾಗಿದ್ದು ಹಾಗೆ. ದೊಡ್ಡ ವೆಬ್ ಪ್ರಾಜೆಕ್ಟಿಗೆ ಇದು ಸಾಲದು. ನೋಟವೂ ಸ್ವಲ್ಪ ಹಳೇ ಕಾಲದ್ದು. ಐದಕ್ಕೆ ನಾಲ್ಕು ಕೊಡುತ್ತೇನೆ. ಅವಳು ಐದು ಅಂತಾಳೆ.