ಪಾರ್ಕ್ ಬುಕಿಂಗಿಗೆ ಗೂಗಲ್ ಕ್ಯಾಲೆಂಡರ್ ಸಾಕಾ? ಶಿರಸಿಯ ಬಳಕೆದಾರನ ಅನುಭವ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದು ಸಣ್ಣ ವೇದಿಕೆ ಇದೆ. ಹುಟ್ಟುಹಬ್ಬ, ತಾಳಮದ್ದಳೆ, ಬೆಳಗಿನ ಯೋಗ, ಅಂಗನವಾಡಿ ಅಕ್ಕೋರ ಮಕ್ಕಳ ಕಾರ್ಯಕ್ರಮ, ಎಲ್ಲದಕ್ಕೂ ಅದೇ ಜಾಗ. ಮೊದಲು ಕಾವಲುಗಾರರ ಹತ್ತಿರ ಒಂದು ಪುಸ್ತಕ ಇರುತ್ತಿತ್ತು. ಕೆಲವು ವರ್ಷಗಳಿಂದ ಗೂಗಲ್ ಕ್ಯಾಲೆಂಡರ್ ಬಳಸುತ್ತಿದ್ದೇವೆ. ದುಡ್ಡು ಕೊಟ್ಟು ಆಪ್ ಮಾಡಿಸುವ ಮಾತೂ ಬಂದಿತ್ತು. ಇಷ್ಟು ಸಣ್ಣ ಪಾರ್ಕಿಗೆ ಅದು ಬೇಡ ಅಂತ ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಸಾರ್ವಜನಿಕರಿಗೆ ಜಾಗ ಖಾಲಿಯೋ ಅಲ್ಲವೋ ಅಷ್ಟೇ ಕಾಣುವ ಹಾಗೆ ಗೂಗಲ್ ಕ್ಯಾಲೆಂಡರನ್ನು ಹಂಚಬಹುದು. ಯಾರ ಮನೆ ಕಾರ್ಯಕ್ರಮ, ಫೋನ್ ನಂಬರ್ ಏನು, ಅದೆಲ್ಲ ಸಮಿತಿಯವರಿಗೆ ಮಾತ್ರ. "ಸಂಜೆ ಪಾರ್ಕು ಖಾಲಿ ಇದ್ಯಾ ಮಾರಾಯ್ರೆ?" ಅಂತ ಊಟದ ಹೊತ್ತಿಗೆ ಬರುತ್ತಿದ್ದ ಫೋನು ಬಹಳ ಕಡಿಮೆಯಾಗಿದೆ.

ಆದರೆ ಮಾಮೂಲಿ ಕ್ಯಾಲೆಂಡರ್ ತಾನಾಗಿ ಯಾರ ಬುಕಿಂಗನ್ನೂ ತಡೆಯುವುದಿಲ್ಲ. ಒಂದೇ ಹೊತ್ತಿಗೆ ಎರಡು ಕಾರ್ಯಕ್ರಮ ಬರೆದರೆ ಎರಡನ್ನೂ ಅಕ್ಕಪಕ್ಕ ತೋರಿಸಿ ಸುಮ್ಮನಾಗುತ್ತದೆ. ಸಮಿತಿಯಲ್ಲಿ ಎಲ್ಲರೂ ಬರೆಯುತ್ತಿದ್ದ ಕಾಲದಲ್ಲಿ ಒಂದು ಭಾನುವಾರ ವೇದಿಕೆಯ ಮೇಲೆ ಮದ್ದಳೆಗೆ ಶ್ರುತಿ ಹಿಡಿಯುತ್ತಿದ್ದಾರೆ, ಕೆಳಗೆ ಇನ್ನೊಂದು ಮನೆಯವರು ಬಲೂನು ಊದುತ್ತಿದ್ದಾರೆ! ಅಂದಿನಿಂದ ಬರೆಯುವ ಅಧಿಕಾರ ಒಬ್ಬರಿಗೇ.

ಅದರಲ್ಲೇ ಇರುವ ಅಪಾಯಿಂಟ್‌ಮೆಂಟ್ ಪುಟ, ಅಂದರೆ ಜನರೇ ಬುಕ್ ಮಾಡುವ ಬುಕಿಂಗ್ ಪುಟ, ಇದಕ್ಕಿಂತ ಒಳ್ಳೆಯದು. ಲಿಂಕ್ ತೆರೆದು ಒಬ್ಬರು ಹೊತ್ತು ಆರಿಸಿದರೆ ಅದು ಬೇರೆಯವರಿಗೆ ಸಿಗುವುದಿಲ್ಲ. ಎರಡು ಬುಕಿಂಗ್ ನಡುವೆ ಅರ್ಧ ಗಂಟೆ ಬಿಡುವು ಇಟ್ಟಿದ್ದೇವೆ, ಕಸ ಗುಡಿಸಬೇಕಲ್ವಾ. ಉಚಿತ ಖಾತೆಗೆ ಇಂಥ ಪುಟ ಒಂದೇ. ನಮಗಿರುವುದೂ ಒಂದೇ ವೇದಿಕೆ.

ಇದನ್ನು ಶುರು ಮಾಡುವವರು ಒಂದು ವಿಷಯ ಗಮನಿಸಿ. ‘ಇಡೀ ದಿನ’ ಅಂತ ಹಾಕಿದ ಕಾರ್ಯಕ್ರಮವನ್ನು ಕ್ಯಾಲೆಂಡರ್ ತಾನಾಗಿಯೇ ‘ಫ್ರೀ’ ಎಂದು ಇಟ್ಟುಕೊಳ್ಳುತ್ತದೆ. ಹುಟ್ಟಿದ ದಿನ ನೆನಪಿಡಲು ಅದು ಸರಿ, ಪಾರ್ಕಿಗೆ ಅಲ್ಲ. ಹುಲ್ಲು ಕತ್ತರಿಸಲು ಪಾರ್ಕು ಮುಚ್ಚುವ ದಿನವನ್ನು ಕೈಯಾರೆ ‘ಬ್ಯುಸಿ’ ಮಾಡದಿದ್ದರೆ ಬುಕಿಂಗ್ ಪುಟದಲ್ಲಿ ಅವತ್ತು ಪೂರ್ತಿ ಖಾಲಿ ಕಾಣುತ್ತದೆ.

ಹಬ್ಬಗಳಿಗೆ ‘ಪ್ರತಿ ವರ್ಷ’ ಅನ್ನುವ ಆಯ್ಕೆ ಕೆಲಸಕ್ಕೆ ಬಾರದು. ಚೌತಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ನಮ್ಮೂರ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದರ ದಿನವೂ ಪ್ರತಿ ಸಲ ಬೇರೆ. ಹಾಗಾಗಿ ಹೊಸ ಪಂಚಾಂಗ ಬಂದ ಕೂಡಲೇ ಅದನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ಹಾಕುತ್ತೇವೆ. ಬೇಜಾರಿನ ಕೆಲಸ.

ಉಚಿತ ಖಾತೆಯಲ್ಲಿ ಹಣ ಕಟ್ಟಿಸಿಕೊಳ್ಳುವ ಸೌಲಭ್ಯ ಇಲ್ಲ. ಠೇವಣಿಯನ್ನು ಯುಪಿಐನಲ್ಲಿ ಬೇರೆಯಾಗಿ ತೆಗೆದುಕೊಳ್ಳುತ್ತೇವೆ. ಬಂದರೆ ಹಸಿರು ಬಣ್ಣ, ಬರದಿದ್ದರೆ ಹಳದಿ. ಮಳೆಗಾಲದಲ್ಲಿ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗುತ್ತದೆ. ಆಗಲೂ ಮೊಬೈಲಿನಲ್ಲಿ ಹಳೆಯ ಬುಕಿಂಗ್‌ಗಳು ಕಾಣುತ್ತವೆ, ಹೊಸದಾಗಿ ಪುಟದಲ್ಲಿ ಬುಕ್ ಮಾಡಲು ಮಾತ್ರ ಆಗದು.

ಬುಕಿಂಗ್ ಪುಟ ಇಮೇಲ್ ಕೇಳುತ್ತದೆ. ವಯಸ್ಸಾದವರಿಗೆ ಇದೇ ದೊಡ್ಡ ತೊಡಕು. ಅವರು ಕಾವಲುಗಾರರ ಹತ್ತಿರ ಹೇಳುತ್ತಾರೆ, ಕಾವಲುಗಾರರು ನಮಗೆ ವಾಟ್ಸಾಪ್ ಮಾಡುತ್ತಾರೆ, ನಾವು ತುಂಬುತ್ತೇವೆ. ಎರಡು ಮೂರು ವೇದಿಕೆ ಇದ್ದು ದಿನವೂ ಕಾರ್ಯಕ್ರಮ ನಡೆಯುವ ಪಾರ್ಕಿನವರು ಮಾತ್ರ ಉಚಿತ ಖಾತೆ ನಂಬಿ ಕೂರಬೇಡಿ. ದುಡ್ಡು ಕೊಟ್ಟೇ ಬೇರೆ ವ್ಯವಸ್ಥೆ ಮಾಡಿಕೊಳ್ಳಿ.