ಮನೆ ಮುಂದೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿಸುವವರು ಒಮ್ಮೆ ಓದಿ

ಮನೆ ಬಾಗಿಲಿಗೇ ಬಂದು ಸರ್ವಿಸ್ ಮಾಡಿಕೊಡುವವರ ಹತ್ತಿರ ಇಂಜಿನ್ ಆಯಿಲ್ ಬದಲಿಸಿಕೊಳ್ಳಿ, ಬೇಡ ಅನ್ನಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾತ್ರ ಹಾಗೆ ಬಿಟ್ಟುಕೊಡಬೇಡಿ.

ನನ್ನದು ಹಳೇ ಕಾರು, ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್. ಗೇರ್‌ಬಾಕ್ಸ್ ಕೆಳಗೆ ಆಯಿಲ್ ನಿಲ್ಲುವ ತಟ್ಟೆಯಂಥ ಒಂದು ಪ್ಯಾನ್, ಅದರೊಳಗೆ ಫಿಲ್ಟರ್. ಬಳ್ಳಾರಿಯ ಒಂದು ಸರ್ವಿಸ್‌ನವರು ಆಯಿಲ್, ಫಿಲ್ಟರ್ ಎರಡೂ ಬದಲಿಸಿಕೊಡ್ತೀವಿ ಅಂದರು. ಬಂದ ಹುಡುಗ ಬರೀ ಜಾಕ್ ಹಾಕಿ ಅಡಿಗೆ ನುಗ್ಗಲು ಹೊರಟಿದ್ದ. ಜಾಕ್ ಜಾರಿದರೂ ಕಾರು ಮೈಮೇಲೆ ಬೀಳದಂತೆ ಅಡಿಗೆ ಇಡುವ ಸ್ಟ್ಯಾಂಡ್ ಪಕ್ಕದ ಮನೆಯಿಂದ ತಂದು ಕೊಟ್ಟೆ. ಅಲ್ಲೇ ಅನುಮಾನ ಬಂದಿತ್ತು. ಆದರೂ ಕೆಲಸ ಬೇಗ ಮುಗಿಸಿದ, ದುಡ್ಡು ತಗೊಂಡು ಹೋದ.

ಮರುದಿನ ರಿವರ್ಸ್ ಹಾಕಿದರೆ ಕಾರು ಸುಮ್ನೆ ನಿಂತು, ಆಮೇಲೆ ಧಡ್ ಅಂತ ಹಿಂದಕ್ಕೆ ಎಳೆಯಿತು. ಫೋನ್ ಮಾಡಿದೆ. "ಹೊಸ ಆಯಿಲ್ ಸರ್, ಸೆಟ್ ಆಗೋಕೆ ಟೈಮ್ ಬೇಕು" ಅಂದ. ಆಯಿಲ್ ಸೆಟ್ ಆಗುವುದು ಅಂತ ಏನೂ ಇಲ್ಲ. ಹೀಗೆ ಹೇಳಿದರೆ ಅಲ್ಲೇ ಕಾರು ನಿಲ್ಲಿಸಿಬಿಡಿ.

ತೋರಣಗಲ್ಲು ರಸ್ತೆಯಲ್ಲಿ ಅಸಲಿ ಕಥೆ ಗೊತ್ತಾಯಿತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕಿರುಚುತ್ತದೆ, ಸ್ಪೀಡ್ ಮಾತ್ರ ಏರುವುದಿಲ್ಲ. ಹಿಂದೆ ಅದಿರು ಲಾರಿ ಹಾರ್ನ್ ಹೊಡೆಯುತ್ತಿದೆ. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿ, ಟೋ ಮಾಡಿಸಿ, ಗೇರ್‌ಬಾಕ್ಸ್ ಕೆಲಸ ಗೊತ್ತಿರುವ ಹಿರಿಯ ಮೇಸ್ತ್ರಿ ಒಬ್ಬರ ಹತ್ತಿರ ಸೇರಿಸಿದೆ.

ಅವರು ಇಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ತೋರಿಸಿದರು. ಆಯಿಲ್ ಕಡಿಮೆ ಇತ್ತು. ಆ ಹುಡುಗ ಇಂಜಿನ್ ಆಫ್ ಮಾಡಿ ಮಟ್ಟ ನೋಡಿದ್ದ. ನನ್ನ ಕಾರಿನಂಥದ್ದರಲ್ಲಿ ಇಂಜಿನ್ ನಿಂತಾಗ ಆಯಿಲ್ ಪ್ಯಾನ್‌ಗೆ ಇಳಿದು, ಮಟ್ಟ ಜಾಸ್ತಿ ಕಾಣುತ್ತದೆ. ಸಮತಟ್ಟು ಜಾಗದಲ್ಲಿ, ಆಯಿಲ್ ಬಿಸಿಯಾದ ಮೇಲೆ, ಇಂಜಿನ್ ಓಡಿಸಿಯೇ ನೋಡಬೇಕು. ಎಲ್ಲ ಕಾರಿಗೂ ಇದೇ ಕ್ರಮ ಅಲ್ಲ. ಕೆಲವಕ್ಕೆ ಡಿಪ್‌ಸ್ಟಿಕ್ಕೇ ಇರುವುದಿಲ್ಲ, ಕಾರಿನ ಜೊತೆ ಬಂದ ಪುಸ್ತಕ ನೋಡಿ.

ಕಡಿಮೆ ಇದ್ದಷ್ಟು ತುಂಬಿಸಿದರು. ಆದರೂ ಕಡ್ಡಿಯ ಮೇಲೆ ಕೆಂಪು ಆಯಿಲ್ ತುಂಬಾ ಸಣ್ಣ ಗುಳ್ಳೆ. "ಎಲ್ಲಿಂದಲೋ ಗಾಳಿ ಎಳೀತಿದೆ" ಅಂದು ಪ್ಯಾನ್ ಬಿಚ್ಚಿದರು. ಫಿಲ್ಟರ್ ಕೈಗೆ ಸಲೀಸಾಗಿ ಬಂತು. ಅದು ಕೂರುವ ತೂತಿಗೆ ಟಾರ್ಚ್ ಬಿಟ್ಟರೆ, ಒಳಗೆ ಕಪ್ಪಗೆ, ಒಂದು ಕಡೆ ಚಪ್ಪಟೆಯಾದ ರಬ್ಬರ್ ಉಂಗುರ ಅಂಟಿಕೊಂಡಿತ್ತು. ಹಳೇ ಫಿಲ್ಟರ್‌ನ ಸೀಲ್! ಅದನ್ನು ತೆಗೆಯದೆ ಹೊಸ ಸೀಲ್ ಇರುವ ಫಿಲ್ಟರ್ ಒತ್ತಿದ್ದಾನೆ. ಅದು ಪೂರ್ತಿ ಒಳಗೆ ಕೂತಿಲ್ಲ. ಪಂಪ್ ಆಯಿಲ್ ಜೊತೆ ಗಾಳಿಯನ್ನೂ ಎಳೆಯಿತು. ನೊರೆ ಆಯಿಲ್‌ಗೆ ಒತ್ತಡ ಬರುವುದಿಲ್ಲ, ಒಳಗಿನ ಕ್ಲಚ್ ಪ್ಲೇಟ್‌ಗಳನ್ನು ಒತ್ತಿ ಹಿಡಿಯುವುದೇ ಆ ಒತ್ತಡ, ಅದಿಲ್ಲದಿದ್ದರೆ ಅವು ಜಾರಿ ಸುಡುತ್ತವೆ. ಪ್ಯಾನ್‌ನ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಕೆಸರು ಅಂಟಿದ್ದರೆ ಅದು ಮಾಮೂಲಿ ಸವೆತವಂತೆ. ನನ್ನದರಲ್ಲಿ ಆಯಿಲ್ಲೇ ಸುಟ್ಟ ವಾಸನೆ ಹೊಡೆಯುತ್ತಿತ್ತು.

ಹಾಗಾಗಿ ಹೊಸ ಫಿಲ್ಟರ್ ಏರಿಸುವ ಮುಂಚೆ ಹಳೇ ಸೀಲ್ ನನ್ನ ಕೈಗೆ ಕೊಡಪ್ಪಾ ಅಂತ ಕೇಳಿ. ಆಯಿಲ್ ಇಳಿಸುವ ಬೋಲ್ಟ್ ಮುಟ್ಟುವ ಮುಂಚೆ, ತುಂಬುವ ಬೋಲ್ಟ್ ಬಿಚ್ಚುತ್ತದಾ ಅಂತಲೂ ನೋಡಿಸಿ. ಅದು ಜಾಮ್ ಆಗಿದ್ದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ. ಸಿವಿಟಿ (ಗೇರ್ ಹಂತಗಳ ಬದಲು ಬೆಲ್ಟ್, ಪುಲ್ಲಿ ಇರುವ ಆಟೋಮ್ಯಾಟಿಕ್) ಕಾರಿಗೆ ಸಿವಿಟಿಯದೇ ಆಯಿಲ್, ಕೆಂಪಗಿದೆ ಅಂತ ಯಾವುದೋ ಸುರಿಯಲು ಬಿಡಬೇಡಿ. ಎಎಂಟಿ ಕಾರಿನವರಿಗೆ ಈ ಫಿಲ್ಟರ್ ಪ್ರಶ್ನೆಯೇ ಇಲ್ಲ, ಒಳಗಿರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸ ಮಾತ್ರ ಯಂತ್ರದ್ದು. ಅದಕ್ಕೂ ಫಿಲ್ಟರ್ ಬದಲಿಸ್ತೀನಿ ಅಂದವನನ್ನು ಗೇಟಿನಿಂದಲೇ ಕಳಿಸಿ.

ಸೀಲ್ ತೆಗೆದ ಮೇಲೂ ನನ್ನ ಕಾರು ಎರಡರಿಂದ ಮೂರನೇ ಗೇರ್‌ಗೆ ಹೋಗುವಾಗ ಜಾರುತ್ತದೆ. ಪ್ಲೇಟ್ ಬದಲಿಸಲೇಬೇಕು ಅಂತಾರೆ ಮೇಸ್ತ್ರಿ. ಸರ್ವಿಸ್‌ನವರು "ನಮಗೂ ಅದಕ್ಕೂ ಸಂಬಂಧ ಇಲ್ಲ" ಅಂದುಬಿಟ್ಟರು. ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಫೀಸೂ ಇಲ್ಲ. ಅವರು ಬಿಲ್ ಕೊಟ್ಟಿಲ್ಲ. ವಾಟ್ಸಾಪ್ ಮೆಸೇಜ್, ಯುಪಿಐ ರಸೀದಿ ಇವೆ, ಸೀಲ್‌ನ ಫೋಟೋ ಇದೆ. ಅವನ್ನೇ ಸೇರಿಸಿ ದೂರು ಬರೆಯುತ್ತಿದ್ದೇನೆ.